ಕೆರೆಯ ಅಂಗಳವನ್ನು ನಂಬಬಹುದೆ?

ವಾರ್ಷಿಕ ಸಂಚಿಕೆಗೆ ಲೇಖನ ಕೊಡಿರೆಂದು ಅಧ್ಯಾಪಕರು ಕೇಳಿದಾಗ ನನ್ನ ಸಹಪಾಠಿಗಳು ಚಂದ್ರಯಾನವನ್ನೂ ಪ್ರಜಾಪ್ರಭುತ್ವವನ್ನೂ ಸ್ತ್ರೀ ಶಿಕ್ಷಣವನ್ನೂ ಆರಿಸಿಕೊಂಡರು. ನಾನು ಆರಿಸಿಕೊಂಡದ್ದು ಕೆಸರನ್ನು. ವಾಚಕರು ನಗಬಹುದು, ನಕ್ಕ ಮೇಲಾದರೂ ಓದಬೇಕೆಂದು ಪ್ರಾರ್ಥನೆ.

ಬೇಸಗೆಯಲ್ಲಿ ನೀರಿಳಿದ ಕೆರೆಯ ಅಂಗಳದ ಮೇಲೆ ಕಾಲಿಡುವಾಗ ಆ ನೆಲ ನಮ್ಮನ್ನು ಹೊರುತ್ತದೆಯೋ ಇಲ್ಲವೋ ಎಂಬುದನ್ನು ತಿಳಿಯುವುದು ಹೇಗೆ? ಮಳೆಗಾಲದಲ್ಲಿ ಅದೇ ಕೆರೆಗೆ ಇಳಿಯುವಾಗ ಮುಂದಿನ ಹೆಜ್ಜೆಗೆ ನೆಲ ಸಿಕ್ಕುತ್ತದೆಯೋ ಇಲ್ಲವೋ ಎಂಬುದನ್ನು ತಿಳಿಯುವುದು ಹೇಗೆ? ಪ್ರಶ್ನೆ ಚಿಕ್ಕದಾಗಿ ಕಾಣುತ್ತದೆ. ಆದರೆ ಇದಕ್ಕೆ ನಮ್ಮ ಸೀಮೆಯ ಪ್ರತಿಯೊಂದು ಮನೆಯಲ್ಲಿಯೂ ಒಂದು ಸಿದ್ಧ ಉತ್ತರವಿದೆ, ಆ ಉತ್ತರ ಈಗ ಹಳತಾಗಿದೆ, ಹಳತಾಗಿರುವುದು ನಮಗೆ ಗೊತ್ತಿಲ್ಲ ಎಂಬುದೇ ನನ್ನ ಲೇಖನದ ವಿಷಯ.

ನಮ್ಮ ಕಾಲೇಜಿಗೆ ಬರುವವರಲ್ಲಿ ಹೆಚ್ಚಿನವರು ಕಡೂರು, ತರೀಕೆರೆ, ಅಜ್ಜಂಪುರ ಈ ಮೂರು ತಾಲ್ಲೂಕುಗಳ ಹಳ್ಳಿಗಳವರು. ತರೀಕೆರೆಯ ಹೆಸರಿನಲ್ಲಿಯೇ ಕೆರೆಯಿದೆ. ಕಡೂರಿನ ಕಡೆ ಬಾಬಾಬುಡನ್‌ಗಿರಿಯ ಮಗ್ಗುಲಿನಿಂದ ಇಳಿಯುವ ವೇದಾ ನದಿ ಸಖರಾಯಪಟ್ಟಣದ ಬಳಿ ಶಕುನಗಿರಿಯ ತಪ್ಪಲಿನಲ್ಲಿ ಅಯ್ಯನಕೆರೆಯನ್ನು ತುಂಬುತ್ತದೆ; ಆವತಿ ನದಿ ಎಮ್ಮೆದೊಡ್ಡಿಯ ಸೀಮೆಯ ಮದಗದ ಕೆರೆಯನ್ನು ತುಂಬುತ್ತದೆ. ಎರಡೂ ಕೂಡಿ ವೇದಾವತಿಯಾಗಿ ಹಿರಿಯೂರಿನ ಕಡೆಗೆ ಹೋಗಿ ೧೯೦೭ರಲ್ಲಿ ಮುಗಿದ ವಾಣಿವಿಲಾಸ ಸಾಗರದಲ್ಲಿ ನಿಲ್ಲುತ್ತವೆ. ಇವು ದೊಡ್ಡವರ ಮಾತು. ನಾನು ಬರೆಯುತ್ತಿರುವುದು ಗೆಜೆಟಿಯರಿನಲ್ಲಿ ಹೆಸರಿಲ್ಲದ, ಊರಿಗೊಂದರಂತೆ ಇರುವ ಚಿಕ್ಕ ಕೆರೆಗಳನ್ನು ಕುರಿತು. ಇವು ಕಾರ್ತಿಕದಲ್ಲಿ ತುಂಬಿರುತ್ತವೆ, ಯುಗಾದಿಯ ಹೊತ್ತಿಗೆ ತೂಬಿನ ಮುಂದೆ ಒಂದು ಹೊಂಡವಾಗಿ ಉಳಿಯುತ್ತವೆ. ಉಳಿದ ಅಂಗಳವೆಲ್ಲ ಊರಿನ ಬಯಲು. ಅಲ್ಲಿ ದನ ಮೇಯುತ್ತವೆ, ಹುಡುಗರು ಕ್ರಿಕೆಟ್ ಆಡುತ್ತಾರೆ, ಕೆಲವರು ಸೌತೆ ಬಳ್ಳಿ ಹಾಕುತ್ತಾರೆ, ಹೆಂಗಸರು ಆಚೆ ದಡದ ಸೌದೆಗೆ ಅಡ್ಡದಾರಿ ಹಿಡಿಯುತ್ತಾರೆ. ಏರಿಯ ಮೇಲೆ ಸುತ್ತಿ ಹೋದರೆ ಒಂದು ಮೈಲಿ. ಅಂಗಳದಲ್ಲಿ ಹಾದರೆ ಕಾಲು ಮೈಲಿ. ಯಾರು ತಾನೆ ಸುತ್ತುತ್ತಾರೆ?

ಈ ಅಡ್ಡದಾರಿಗೆ ನಮ್ಮ ಊರಿನಲ್ಲಿ ಒಂದು ಪಂಚಾಂಗವಿತ್ತು. ಶಿವರಾತ್ರಿ ಕಳೆದರೆ ದಾರಿ ತೆರೆಯಿತು. ಭರಣಿ ಮಳೆ ಬಿದ್ದರೆ ದಾರಿ ಮುಚ್ಚಿತು. ಇದನ್ನು ಯಾರೂ ಬರೆದಿಟ್ಟಿರಲಿಲ್ಲ. ಎಲ್ಲರಿಗೂ ಗೊತ್ತಿತ್ತು.

ಕೆರೆಯ ಹೂಳು ಒಣಗುವ ಕ್ರಮವನ್ನು ನೋಡಿದವರಿಗೆ ಈ ಪಂಚಾಂಗದ ಅರ್ಥ ಆಗುತ್ತದೆ. ನೀರು ಹಿಂದೆ ಸರಿದಾಗ ಬಿಸಿಲು ಮೊದಲು ಮೇಲಿನ ಪದರವನ್ನು ಹಿಡಿಯುತ್ತದೆ. ಜೇಡಿ ಮಣ್ಣು ಒಣಗುತ್ತ ಕುಗ್ಗುತ್ತದೆ, ಕುಗ್ಗುತ್ತ ಬಿರಿಯುತ್ತದೆ. ಒಣಗಿದ ಪದರ ತೆಳ್ಳಗಿದ್ದರೆ ಅದು ಅಂಗೈಯಷ್ಟು ಚಿಕ್ಕ ಬಿಲ್ಲೆಗಳಾಗಿ ಒಡೆದು, ಬಿಸಿಲಿಗೆ ಹಾಕಿದ ಹಪ್ಪಳದಂತೆ ಅಂಚುಗಳನ್ನು ಮೇಲಕ್ಕೆ ಮಡಿಸಿಕೊಳ್ಳುತ್ತದೆ. ಪದರ ದಪ್ಪವಾಗುತ್ತ ಹೋದಂತೆ ಬಿರುಕುಗಳ ನಡುವಣ ದೂರವೂ ಹೆಚ್ಚುತ್ತದೆ. ಕೊನೆಗೆ ಚಪ್ಪಡಿಯಷ್ಟು ಅಗಲದ ಹಲಗೆಗಳೂ ಅವುಗಳ ನಡುವೆ ಕೈ ಇಳಿಯುವಂತಹ ಸೀಳುಗಳೂ ಕಾಣುತ್ತವೆ. ಅಜ್ಜಂಪುರದ ಕಡೆಯ ಎರೆಭೂಮಿಯ ಕೆರೆಗಳಲ್ಲಿ ಈ ಸೀಳುಗಳು ಇನ್ನೂ ಆಳ. ಹೊಸಬನಿಗೆ ದೊಡ್ಡ ಬಿರುಕು ನೋಡಿದರೆ ಭಯ, ನಯವಾದ ಚಿಕ್ಕ ಬಿಲ್ಲೆಗಳನ್ನು ನೋಡಿದರೆ ಧೈರ್ಯ. ನಿಜ ಇದಕ್ಕೆ ತಿರುಗುಮುರುಗು. ದೊಡ್ಡ ಬಿರುಕಿನ ನೆಲ ಆಳದವರೆಗೆ ಒಣಗಿದೆ. ಚಿಕ್ಕ ಬಿಲ್ಲೆಯ ಕೆಳಗೆ ಮೊಸರಿನಂತಹ ಕೆಸರು ಕಾದಿರುತ್ತದೆ.

ನನ್ನ ಅಜ್ಜ ಓದು ಬರಹ ಬಲ್ಲವರಲ್ಲ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಆದರೆ ಈ ವಿದ್ಯೆಯಲ್ಲಿ ಅವರು ನಮ್ಮ ಭೂಗೋಳದ ಪಠ್ಯಪುಸ್ತಕಕ್ಕಿಂತ ಮುಂದಿದ್ದಾರೆ. ಕುರಿ ಕಾಯುತ್ತ ಅರುವತ್ತು ವರ್ಷ ಆ ಅಂಗಳವನ್ನು ತುಳಿದವರು. ಚಿಕ್ಕಂದಿನಲ್ಲಿ ನನ್ನನ್ನು ಕರೆದುಕೊಂಡು ಹೋಗುವಾಗ ಒಂದೊಂದೇ ತೋರಿಸುತ್ತಿದ್ದರು. ಗರಿಕೆ ಹಬ್ಬಿದ ಕಡೆ ನೆಲ ಗಟ್ಟಿಯಾಗಿ ಬಹಳ ದಿನವಾಯಿತು. ಜಂಬು ನಿಂತ ಕಡೆ ಬೇರಿಗೆ ಇನ್ನೂ ನೀರು ಸಿಕ್ಕುತ್ತಿದೆ. ಕೊಕ್ಕರೆಯ ಹೆಜ್ಜೆ ಯಾವ ಸಾಕ್ಷಿಯೂ ಅಲ್ಲ, ಅದಕ್ಕೆ ತೂಕವೇ ಇಲ್ಲ. ಎಮ್ಮೆಯ ಹೆಜ್ಜೆ ಒಳ್ಳೆಯ ಸಾಕ್ಷಿ, ಆದರೆ ಅದು ನಿನ್ನೆಯದಾಗಿರಬೇಕು. ಹೋದ ವಾರದ್ದಾದರೆ, ನಡುವೆ ಒಂದು ಮಳೆ ಬಂದಿದ್ದರೆ, ಆ ಸಾಕ್ಷಿ ಸುಳ್ಳು. ಹಳ್ಳ ಬಂದು ಸೇರುವ ಬಾಯಿಯಲ್ಲಿ ನಯವಾದ ಹೂಳು ರಾಶಿ ಬೀಳುವುದರಿಂದ ಅಲ್ಲಿ ನಿಧಾನ. ತೂಬಿನ ಮುಂದೆ ಕೊನೆಯವರೆಗೂ ಹುದುಲು. ಒಳಗೆ ಒರತೆಯಿರುವ ಕಡೆ ಮೇಲೆ ಎಷ್ಟು ಒಣಗಿದರೂ ಕೆಳಗೆ ಒಣಗುವುದಿಲ್ಲ. ಅಂತಹ ಜಾಗಕ್ಕೆ ನಮ್ಮ ಊರಿನಲ್ಲಿ ‘ಬಾಯಿ ಮುಚ್ಚಿದ ಬಾವಿ’ ಎಂದು ಹೆಸರೇ ಇದೆ. ಅಂತರಗಂಗೆಯ ಹಸುರು ಹಾಸನ್ನಂತೂ ನೆಲವೆಂದು ತಿಳಿಯಲೇಕೂಡದು. ಮೇವೆಂದು ಬಾಯಿ ಹಾಕಲು ಹೋದ ಕರುಗಳ ಕಥೆ ಪ್ರತಿಯೊಂದು ಊರಿನಲ್ಲಿಯೂ ಇದೆ.

ಇಷ್ಟೆಲ್ಲ ಲಕ್ಷಣಗಳನ್ನು ಹೇಳಿದ ಮೇಲೆಯೂ ಅವರು ಕೈಯ ಕೋಲನ್ನು ಬಿಡುತ್ತಿರಲಿಲ್ಲ. ಎರಡು ಹೆಜ್ಜೆಗೊಮ್ಮೆ ಮುಂದಕ್ಕೆ ಚುಚ್ಚುವರು. ಕೋಲು ಟಣ್ಣೆಂದು ಹಿಂದಕ್ಕೆ ಬಂದರೆ ನಡೆಯುವರು. ಮೊದಲು ತಡೆದು ಆಮೇಲೆ ಸರ್ರನೆ ಇಳಿದರೆ ನಿಲ್ಲುವರು. “ಕಣ್ಣಿಗೆ ಏನ್ ಗೊತ್ತಾಗ್ತೈತಲೇ ಮಗ? ಕೋಲ್ನ ಕೇಳು” ಎಂಬುದು ಅವರ ಮಾತು. ಈ ಮಾತಿಗೆ ನಾನು ಮುಂದೆ ಮತ್ತೆ ಬರುತ್ತೇನೆ.

ಈಚೆಗೆ ವಾಚನಾಲಯದಲ್ಲಿ ಶೀತದೇಶಗಳ ವಿಷಯವನ್ನು ಓದುತ್ತಿದ್ದಾಗ ಇದೇ ಪ್ರಶ್ನೆ ಬೇರೊಂದು ವೇಷದಲ್ಲಿ ಎದುರಾಯಿತು. ಕೆನಡಾ, ಫಿನ್ಲೆಂಡ್, ರಷ್ಯಾ ಮುಂತಾದ ಕಡೆ ಚಳಿಗಾಲದಲ್ಲಿ ಸರೋವರಗಳು ಹೆಪ್ಪುಗಟ್ಟುತ್ತವೆ. ಜನ ಅವುಗಳ ಮೇಲೆ ನಡೆಯುತ್ತಾರೆ, ಜಾರಾಟ ಆಡುತ್ತಾರೆ, ರಂಧ್ರ ಕೊರೆದು ಮೀನು ಹಿಡಿಯುತ್ತಾರೆ. ಅವರಿಗೂ ಮೇಲೆ ಗಟ್ಟಿ, ಕೆಳಗೆ ನೀರು. ತಿಳಿಯಾದ ಹೊಸ ಮಂಜುಗಡ್ಡೆ ನಾಲ್ಕು ಅಂಗುಲ ದಪ್ಪವಿದ್ದರೆ ಒಬ್ಬ ಮನುಷ್ಯ ನಡೆಯಬಹುದೆಂಬುದು ಅವರ ವಾಡಿಕೆಯ ಅಳತೆ. ಹಿಮ ಬಿದ್ದು ಕರಗಿ ಮತ್ತೆ ಹೆಪ್ಪುಗಟ್ಟಿದ ಬಿಳಿಯ ಗಡ್ಡೆಗೆ ಅದರ ಅರ್ಧದಷ್ಟೇ ಬಲ. ನದಿ ಬಂದು ಸೇರುವ ಬಾಯಿಯಲ್ಲಿಯೂ ಒರತೆಯ ಮೇಲೆಯೂ ಗಡ್ಡೆ ತೆಳ್ಳಗಿರುತ್ತದೆ. ನನ್ನ ಅಜ್ಜ ಹೇಳಿದ ಜಾಗಗಳೇ! ಅಲ್ಲಿಯೂ ಅನುಭವಸ್ಥರು ಹೆಜ್ಜೆ ಹೆಜ್ಜೆಗೂ ಉಳಿಯಿಂದ ಕುಟ್ಟಿ, ಕೊರೆದು ಅಳೆದು, ಮುಂದೆ ನಡೆಯುತ್ತಾರೆ.

ನಾನು ಗಮನಿಸಿದ ಸಂಗತಿ ಇದಲ್ಲ. ೨೦೨೦ರಲ್ಲಿ ಕೆಲವು ವಿಜ್ಞಾನಿಗಳು ಹತ್ತು ಶೀತದೇಶಗಳಲ್ಲಿ ಚಳಿಗಾಲದಲ್ಲಿ ಮುಳುಗಿ ಸತ್ತ ನಾಲ್ಕು ಸಾವಿರಕ್ಕೂ ಹೆಚ್ಚು ಮಂದಿಯ ದಾಖಲೆಗಳನ್ನು ಪರಿಶೀಲಿಸಿ ಒಂದು ಪ್ರಬಂಧ ಪ್ರಕಟಿಸಿದರು. ಚಳಿ ಕಡುವಾಗಿದ್ದಾಗ ಸಾವು ಕಡಮೆ. ಉಷ್ಣತೆ ಹೆಪ್ಪುಗಟ್ಟುವ ಬಿಂದುವಿಗೆ ಸಮೀಪವಾಗಿ ಚಳಿಗಾಲ ಮೆತ್ತಗಾದಾಗ ಸಾವು ಹೆಚ್ಚು. ಗಡ್ಡೆ ಪೂರ್ತಿ ಇಲ್ಲದಿದ್ದರೆ ಯಾರೂ ಅದರ ಮೇಲೆ ಹೋಗುವುದಿಲ್ಲ. ಪೂರ್ತಿ ಗಟ್ಟಿಯಾಗಿದ್ದರೆ ಹೋದವರು ಮರಳುತ್ತಾರೆ. ನಡುವಣ ಅರೆಬರೆಯ ಸ್ಥಿತಿಯಲ್ಲಿ, ಹೋದ ವರ್ಷ ಇದೇ ತಿಂಗಳಲ್ಲಿ ನಡೆದಿದ್ದೆವಲ್ಲ ಎಂಬ ನೆನಪೇ ಮನುಷ್ಯನನ್ನು ಕೊಲ್ಲುತ್ತದೆ. ನಮ್ಮ ದೇಶದಲ್ಲಿಯೇ ಇದಕ್ಕೆ ಉದಾಹರಣೆಯುಂಟು. ಶ್ರೀನಗರದ ದಾಲ್ ಸರೋವರ ೧೯೬೦ರ ದಶಕದಲ್ಲಿ ಒಮ್ಮೆ ಎಷ್ಟು ಗಟ್ಟಿಯಾಗಿ ಹೆಪ್ಪುಗಟ್ಟಿತ್ತೆಂದರೆ ಅದರ ಮೇಲೆ ಜೀಪು ಓಡಿಸಿದ್ದರೆಂದು ಅಲ್ಲಿನ ಹಿರಿಯರು ಇಂದಿಗೂ ಹೇಳುತ್ತಾರೆ. ೨೦೨೧ರ ಜನವರಿಯಲ್ಲಿ ಸರೋವರ ಮತ್ತೆ ಹೆಪ್ಪುಗಟ್ಟಿದಾಗ ಅಧಿಕಾರಿಗಳು ಅದರ ಮೇಲೆ ನಡೆಯಬೇಡಿರೆಂದು ಜನರನ್ನು ಬೇಡಿಕೊಳ್ಳಬೇಕಾಯಿತು. ಜೀಪಿನ ಕಥೆ ಕೇಳಿ ಬೆಳೆದವನಿಗೆ ತೆಳ್ಳಗಿನ ಗಡ್ಡೆಯೂ ರಸ್ತೆಯಾಗಿಯೇ ಕಾಣುತ್ತದೆ.

ಕಾಶ್ಮೀರದಿಂದ ಕಡೂರಿಗೆ ಬರೋಣ. ನಮ್ಮಲ್ಲಿ ಹೆಪ್ಪುಗಟ್ಟುವುದು ನೀರಲ್ಲ, ಕೆಸರು. ಆದರೆ ನಮ್ಮ ಪಂಚಾಂಗವೂ ಅದೇ ರೀತಿ ಕೆಟ್ಟಿದೆ. ೨೦೨೨ರಲ್ಲಿ ನಮ್ಮ ಕಡೆ ಮಳೆ ಎಷ್ಟು ಸುರಿಯಿತೆಂದರೆ ವೇದಾವತಿಯ ಕೆಳಗಿನ ವಾಣಿವಿಲಾಸ ಸಾಗರ ೧೯೩೩ರ ತರುವಾಯ ಮೊದಲ ಬಾರಿ, ಎಂಬತ್ತೊಂಬತ್ತು ವರ್ಷಗಳ ಮೇಲೆ, ಕೋಡಿ ಬಿದ್ದಿತು. ಮರುವರ್ಷವೇ, ೨೦೨೩ರಲ್ಲಿ, ರಾಜ್ಯದ ೨೩೬ ತಾಲ್ಲೂಕುಗಳಲ್ಲಿ ೨೨೩ ಬರಪೀಡಿತವೆಂದು ಸರ್ಕಾರ ಸಾರಿತು. ೨೦೨೪ರಲ್ಲಿ ಮತ್ತೆ ಮಳೆ ತುಂಬಿ ಬಂದು, ೨೦೨೫ರ ಜನವರಿಯಲ್ಲಿ ಅದೇ ಸಾಗರ ಮತ್ತೊಮ್ಮೆ ಕೋಡಿ ಹರಿಯಿತು. ಜನವರಿಯಲ್ಲಿ ಕೋಡಿ! ಶಿವರಾತ್ರಿಗೆ ದಾರಿ ತೆರೆಯುತ್ತದೆಂದು ಕುಳಿತವನಿಗೆ ಇಂತಹ ವರ್ಷ ಏನು ಹೇಳೀತು? ಬೇಸಗೆಯ ನಡುವೆ ಎರಡು ದಿನ ಅಡ್ಡಮಳೆ ಬಂದರೆ ಬಿರುಕುಗಳ ಮೂಲಕ ನೀರು ನೇರವಾಗಿ ಕೆಳಗಿಳಿಯುತ್ತದೆ. ಮೂರನೆಯ ದಿನ ಬಿಸಿಲು ಹತ್ತಿ ಮೇಲಿನ ಹಕ್ಕಳೆ ಬೆಳ್ಳಗೆ ಒಣಗುತ್ತದೆ. ನೋಡುವವನಿಗೆ ಏನೂ ಆಗಿಲ್ಲ. ಒಳಗೆ ಎಲ್ಲ ಆಗಿದೆ.

ಇನ್ನೊಂದು ಹೊಸತು ಸೇರಿದೆ. ಭದ್ರಾ ಮೇಲ್ದಂಡೆ ಯೋಜನೆಯ ಸುರಂಗ ಅಜ್ಜಂಪುರದ ಬಳಿಯೇ ಇದೆ. ೨೦೧೯ರಿಂದ ಲಕ್ಕವಳ್ಳಿಯ ಭದ್ರಾ ಜಲಾಶಯದ ನೀರು ಅದರ ಮೂಲಕ ವಾಣಿವಿಲಾಸ ಸಾಗರಕ್ಕೆ ಹರಿದಿದೆ. ನಾಲ್ಕು ಜಿಲ್ಲೆಗಳ ೩೬೭ ಕೆರೆಗಳನ್ನು ಅರ್ಧದಷ್ಟು ತುಂಬಿಸುವುದೂ ಆ ಯೋಜನೆಯ ಉದ್ದೇಶಗಳಲ್ಲಿ ಒಂದು. ಬಯಲುಸೀಮೆಯ ಮಗನಾಗಿ ನಾನು ಇದಕ್ಕೆ ಕೈಮುಗಿಯುತ್ತೇನೆ. ಆದರೆ ಪಂಪಿನಿಂದ ಬರುವ ನೀರು ನಕ್ಷತ್ರ ನೋಡಿ ಬರುವುದಿಲ್ಲ. ಮೋಡವಿಲ್ಲದ ದಿನ ಕೆರೆಗೆ ನೀರು ಬರುವುದನ್ನು ನಮ್ಮ ಹಿರಿಯರ ಯಾವ ಗಾದೆಯೂ ಊಹಿಸಿರಲಿಲ್ಲ.

ಆದರೂ ಮಳೆ ಕೆಟ್ಟದ್ದು ಸಣ್ಣ ಮಾತು. ದೊಡ್ಡ ಮಾತು ಗುಂಡಿಗಳದು.

ಹಿಂದೆ ಕೆರೆಗೋಡನ್ನು ಹೊಲಕ್ಕೆ ಹೊಡೆಯುತ್ತಿದ್ದುದು ಗುದ್ದಲಿ, ಬುಟ್ಟಿ, ಎತ್ತಿನ ಗಾಡಿಗಳಿಂದ. ಗಾಡಿ ಹೋಗುವಷ್ಟು ಇಳಿಜಾರು ಇರಲೇಬೇಕು. ಆದ್ದರಿಂದ ಅಂಗಳವನ್ನು ತೆಳ್ಳಗೆ ಕೆರೆಯುತ್ತಿದ್ದರೇ ಹೊರತು ಯಾರೂ ಬಾವಿ ತೋಡುತ್ತಿರಲಿಲ್ಲ. ನೀರಗಂಟಿ ಎಲ್ಲಿ ಅಗೆಯಬೇಕು, ಎಲ್ಲಿ ಬೇಡ ಎಂದು ಹೇಳುತ್ತಿದ್ದ. ಈಗ ಜೆಸಿಬಿ, ಹಿಟಾಚಿಗಳು ಬಂದಿವೆ. ತೆಂಗಿನ ತೋಟಕ್ಕೆ, ಅಡಿಕೆ ತೋಟಕ್ಕೆ, ಇಟ್ಟಿಗೆ ಗೂಡಿಗೆ, ರಸ್ತೆಯ ಕೆಲಸಕ್ಕೆ ಮಣ್ಣು ಬೇಕು. ಯಂತ್ರಕ್ಕೆ ಬಾಡಿಗೆ ಗಂಟೆಯ ಲೆಕ್ಕ. ಅಂಗಳದಲ್ಲೆಲ್ಲ ಓಡಾಡಿ ಕೆರೆಯುವುದಕ್ಕಿಂತ ಒಂದೇ ಕಡೆ ನಿಂತು ಗೋಡೆಯಂತೆ ನೆಟ್ಟಗೆ ಇಳಿದರೆ ಲಾಭ. ಒಂದು ರಾತ್ರಿಯಲ್ಲಿ ಮನೆ ಮುಳುಗುವಷ್ಟು ಗುಂಡಿ ಆಗುತ್ತದೆ. ಮಳೆ ಬಂದು ಕೆರೆ ತುಂಬಿದ ಮೇಲೆ ಮೊಣಕಾಲುದ್ದದ ನೀರೂ ಹದಿನಾಲ್ಕು ಅಡಿಯ ನೀರೂ ಮೇಲಿನಿಂದ ಒಂದೇ ಬಣ್ಣ.

ನಮ್ಮ ಊರಿನಲ್ಲಿ ೨೦೨೩ರ ಬರದಲ್ಲಿ ಕೆರೆ ಪೂರ್ತಿ ಒಣಗಿತು. ಮುಂದಿನ ಬೇಸಗೆಯಲ್ಲಿ ಯಂತ್ರಗಳು ಬಂದವು. ೨೦೨೪ರ ಮಳೆಗಾಲದಲ್ಲಿ ಕೆರೆ ತುಂಬಿ ಊರೆಲ್ಲ ಬಾಗಿನದ ಸಂಭ್ರಮ. ದಸರಾ ರಜೆಯಲ್ಲಿ ಏಳನೆಯ ತರಗತಿಯ ಒಬ್ಬ ಹುಡುಗ, ನನ್ನ ತಮ್ಮನ ಜೊತೆಯವನು, ಎಮ್ಮೆ ತೊಳೆಯಲು ಇಳಿದ. ಎಮ್ಮೆ ತೊಳೆಯುವ ಆ ಮೂಲೆ ನಮ್ಮ ಊರಿನ ಅತ್ಯಂತ ನಂಬಿಕೆಯ ಜಾಗ. ಅವನ ಅಪ್ಪ ಅಲ್ಲಿಯೇ ತೊಳೆದಿದ್ದ, ಅವನ ತಾತ ಅಲ್ಲಿಯೇ ತೊಳೆದಿದ್ದ. ಅಲ್ಲಿ ಮೊಣಕಾಲುದ್ದ ಎಂದು ಊರಿಗೆ ಊರೇ ಬಲ್ಲದು. ನಾಲ್ಕು ಹೆಜ್ಜೆಯವರೆಗೆ ಮೊಣಕಾಲುದ್ದವೇ ಇತ್ತು. ಐದನೆಯ ಹೆಜ್ಜೆಗೆ ನೆಲವಿರಲಿಲ್ಲ. ಎಮ್ಮೆ ಈಜಿ ದಡ ಸೇರಿತು.

ಆಮೇಲೆ ನಡೆದುದನ್ನು ವಾಚಕರು ಊಹಿಸಬಲ್ಲರು. ಮಣ್ಣು ಒಯ್ದವರು ತಮಗೆ ಅನುಮತಿಯಿತ್ತೆಂದರು. ಅನುಮತಿ ಕೊಟ್ಟವರು ಆ ಮೂಲೆಗಲ್ಲ, ಇನ್ನೊಂದು ಮೂಲೆಗೆ ಎಂದರು. ಯಾವ ಮೂಲೆ, ಎಷ್ಟು ಆಳ ಎಂದು ತೋರಿಸುವ ಒಂದು ಚೀಟಿಯೂ ಯಾರ ಬಳಿಯೂ ಇರಲಿಲ್ಲ. ಊರಿನ ಹಿರಿಯರು ಹಣೆಬರಹ ಎಂದರು. ಹುಡುಗನ ತಾತ ಮಾತ್ರ, ಅಲ್ಲಿ ಮೊಣಕಾಲುದ್ದ ಎಂದು ನಾನೇ ಹೇಳಿದ್ದೆನಲ್ಲ, ನಾನೇ ಹೇಳಿದ್ದೆನಲ್ಲ ಎಂದು ತಿಂಗಳುಗಟ್ಟಲೆ ಜಗುಲಿಯ ಮೇಲೆ ಕುಳಿತು ಹೇಳುತ್ತಿದ್ದ. ಅವನು ಹೇಳಿದ್ದು ಸುಳ್ಳಲ್ಲ. ಅರುವತ್ತು ವರ್ಷ ಅದು ಸತ್ಯವಾಗಿತ್ತು. ಆ ಸತ್ಯವನ್ನು ಒಂದು ರಾತ್ರಿ ಅವನಿಗೆ ತಿಳಿಸದೆ ಯಾರೋ ಬದಲಾಯಿಸಿದ್ದರು.

ಆದ್ದರಿಂದ ಹಣೆಬರಹವೆಂಬ ಮಾತನ್ನು ನಾನು ಒಪ್ಪುವುದಿಲ್ಲ. ೨೦೨೨ರೊಂದರಲ್ಲಿಯೇ ನಮ್ಮ ದೇಶದಲ್ಲಿ ಸುಮಾರು ೩೮ ಸಾವಿರ ಮಂದಿ ನೀರಿನಲ್ಲಿ ಮುಳುಗಿ ಸತ್ತರೆಂದು ಸರ್ಕಾರದ ಅಂಕಿಗಳು ಹೇಳುತ್ತವೆ. ಅಷ್ಟೊಂದು ಹಣೆಗಳ ಮೇಲೆ ಬ್ರಹ್ಮ ಒಂದೇ ಅಕ್ಷರ ಬರೆದನೆಂದು ಹೇಳಿದರೆ ಬ್ರಹ್ಮನ ಮೇಲೆ ಹೊರಿಸಿದಂತಾಯಿತೇ ವಿನಾ ಗುಂಡಿ ಮುಚ್ಚಿದಂತಾಗಲಿಲ್ಲ.

ಹೂಳೆತ್ತುವುದನ್ನೇ ನಿಲ್ಲಿಸಿಬಿಡಬೇಕು ಎಂದು ಕೆಲವು ಗೆಳೆಯರು ವಾದಿಸುತ್ತಾರೆ. ಅವರ ಮನೆಯಲ್ಲಿ ಹೊಲವಿಲ್ಲವೆಂದು ತೋರುತ್ತದೆ. ನಮ್ಮ ಎರಡು ಎಕರೆ ಕೆಂಪು ನೆಲಕ್ಕೆ ನನ್ನ ಅಪ್ಪ ಸಾಲ ಮಾಡಿ ಮೂವತ್ತು ಲೋಡು ಗೋಡು ಹೊಡೆಸಿದ ಮೇಲೆಯೇ ಅದರಲ್ಲಿ ರಾಗಿ ನೆಟ್ಟಗೆ ನಿಂತದ್ದು. ಆ ರಾಗಿಯಲ್ಲಿ ನನ್ನ ಕಾಲೇಜು ಶುಲ್ಕವೂ ಇದೆ. ಹೂಳು ತೆಗೆಯದಿದ್ದರೆ ಕೆರೆಯಲ್ಲಿ ನೀರೆಲ್ಲಿ ನಿಲ್ಲಬೇಕು? ತೆಗೆಯಲಿ. ಇಳಿಜಾರು ಬಿಟ್ಟು ತೆಗೆಯಲಿ. ಎಮ್ಮೆ ಇಳಿದು ಹತ್ತುವಂತಿರಲಿ. ಏರಿಯ ಬುಡದಲ್ಲಿಯೂ ಜನ ಇಳಿಯುವ ಸೋಪಾನದ ಬಳಿಯೂ ಬೇಡ. ತೆಗೆದ ಮೇಲೆ ಎಲ್ಲಿ, ಎಷ್ಟು ಎಂದು ಬರೆದಿಡಲಿ. ನನ್ನ ಬೇಡಿಕೆ ಇಷ್ಟೇ. ಇದಕ್ಕೆ ಹೊಸ ಕಾನೂನು ಬೇಕೆಂದು ನನಗೆ ತೋರುವುದಿಲ್ಲ; ೨೦೧೪ರಲ್ಲಿಯೇ ಕೆರೆಗಳಿಗಾಗಿ ಒಂದು ಪ್ರಾಧಿಕಾರದ ಕಾಯಿದೆ ಆಗಿದೆ. ಬೇಕಾದುದು ಒಂದು ನೋಟ್‌ಬುಕ್ಕು, ಒಂದು ಹಗ್ಗ.

ಕೆರೆಯ ಏರಿಯ ಮೇಲೆ ಎಚ್ಚರಿಕೆಯ ಫಲಕ ಹಾಕಿದರೆ ಸಾಲದೆ ಎಂದು ಕೇಳಬಹುದು. ಕೆಲವು ಕಡೆ ಹಾಕಿದ್ದಾರೆ: ‘ಕೆರೆ ಆಳವಾಗಿದೆ, ಈಜಬಾರದು’. ಇದನ್ನು ಓದಿ ನನಗೆ ನಗು ಬರುತ್ತದೆ. ಆಳ ಎಲ್ಲಿ? ಎಷ್ಟು? ಇಡೀ ಕೆರೆಗೆ ಬೇಡವೆಂದರೆ ದನ ಎಲ್ಲಿ ನೀರು ಕುಡಿಯಬೇಕು? ಎಲ್ಲ ಕಡೆಗೂ ಬೇಡ ಎನ್ನುವ ಫಲಕವನ್ನು ಜನ ಮೂರನೆಯ ದಿನವೇ ಮರೆಯುತ್ತಾರೆ. ಅಲ್ಲದೆ ಆ ಫಲಕವನ್ನು ನನ್ನ ಅಜ್ಜ ಓದಲಾರರು, ಅಂಗನವಾಡಿಯ ಕೂಸು ಓದಲಾರದು. ಕೆರೆಗೆ ಹೆಚ್ಚು ಹತ್ತಿರವಿರುವವರು ಅವರೇ. ಗುಂಡಿಯ ಅಂಚಿಗೊಂದು ಕಲ್ಲುಕಂಬ ನೆಟ್ಟು ಅದರ ತಲೆಗೆ ಕೆಂಪು ಬಣ್ಣ ಬಳಿದರೆ ಓದು ಬಾರದವರೂ ಓದುತ್ತಾರೆ.

ಇನ್ನು ಸಿಕ್ಕಿಬಿದ್ದವರ ಮಾತು. ನಮ್ಮ ಜನಕ್ಕೆ ಧೈರ್ಯ ಕಡಮೆಯಿಲ್ಲ, ವಿಧಾನ ತಿಳಿಯದು. ಹುದುಲಿನಲ್ಲಿ ಕಾಲು ಹೂತವನನ್ನು ನಾಲ್ಕು ಜನ ರಟ್ಟೆ ಹಿಡಿದು ಮೇಲಕ್ಕೆ ಜಗ್ಗುತ್ತಾರೆ. ೨೦೦೫ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಸಂಶೋಧನೆ, ಹೂತುಕೊಳ್ಳುವ ಮರಳಿನಿಂದ ಒಂದು ಪಾದವನ್ನು ನೇರವಾಗಿ ಬೇಗನೆ ಎಳೆಯಲು ಒಂದು ಕಾರನ್ನು ಎತ್ತುವಷ್ಟು ಬಲ ಬೇಕೆಂದು ಲೆಕ್ಕ ಹಾಕಿತು. ನಮ್ಮ ದೇಹ ಅಂತಹ ರಾಡಿಗಿಂತ ಹಗುರ. ಅದು ಸಿನಿಮಾದಲ್ಲಿ ತೋರಿಸುವಂತೆ ತಲೆಯವರೆಗೆ ನುಂಗುವುದಿಲ್ಲ. ಕೊಲ್ಲುವುದು ಗಾಬರಿ, ದಣಿವು, ಬಿಸಿಲು, ಅಥವಾ ಬೋರಲು ಬೀಳುವುದು. ಹೂತವನು ಹಿಂದಕ್ಕೆ ಒರಗಿ ಮೈಯನ್ನು ಅಗಲವಾಗಿ ಚೆಲ್ಲಿ, ಕಾಲನ್ನು ಸಣ್ಣಗೆ ಅಲುಗಿಸುತ್ತ ಸುತ್ತಲೂ ನೀರು ಇಳಿಯಲು ಬಿಡಬೇಕು. ಕಾಲು ತಾನೇ ಸಡಿಲವಾಗುತ್ತದೆ. ಹೋಗುವವರು ತೆಂಗಿನ ಗರಿಯನ್ನೋ ಅಡಿಕೆ ಸೋಗೆಯನ್ನೋ ಏಣಿಯನ್ನೋ ಹಾಸಿ ಅದರ ಮೇಲೆ ಮಲಗಿ ಕೈ ಚಾಚಬೇಕು. ಮಂಜುಗಡ್ಡೆ ಒಡೆದು ಬಿದ್ದವರನ್ನು ಕಾಪಾಡುವಾಗಲೂ ಹೀಗೆಯೇ ಏಣಿಯ ಮೇಲೆ ಮಲಗಿ ತೂಕ ಹಂಚುತ್ತಾರಂತೆ. ದನ ಹೂತರೆ ಕೊರಳಿಗೆ ಹಗ್ಗ ಕಟ್ಟಿ ಎಳೆಯುವುದು ಕೊಲೆಗೆ ಸಮಾನ. ಕಾಲಿನ ಸುತ್ತ ಕೆಸರು ತೋಡಿ, ಹೊಟ್ಟೆಯ ಕೆಳಗೆ ಗೋಣಿ ಹಾಯಿಸಿ ಎಬ್ಬಿಸಬೇಕು. ಗುಂಡಿಯ ನೀರಿನಲ್ಲಿ ಮುಳುಗುತ್ತಿರುವವನ ಹಿಂದೆ ಈಜು ಬಾರದವರು ಧುಮುಕಬಾರದು. ಒಂದು ಸಾವು ಮೂರಾಗುವುದು ಅಲ್ಲಿಯೇ. ಪಂಚೆ, ಸೀರೆ, ಹಗ್ಗ, ಕೊನೆಗೆ ಒಂದು ಖಾಲಿ ಪ್ಲಾಸ್ಟಿಕ್ ಕೊಡ, ಕೈಗೆ ಸಿಕ್ಕಿದ್ದನ್ನು ಎಸೆಯಬೇಕು.

ಈಗ ಅಜ್ಜನ ಕೋಲಿಗೆ ಬರುತ್ತೇನೆ. ಹಿರಿಯರ ಜ್ಞಾನ ಹಳತಾಯಿತು ಎಂದು ನಾನು ಬರೆದುದನ್ನು ಓದಿ ನಾಲ್ಕು ಅಕ್ಷರ ಕಲಿತ ಹುಡುಗ ಮುದುಕರನ್ನು ಹಳಿಯುತ್ತಿದ್ದಾನೆ ಎಂದು ಯಾರೂ ಭಾವಿಸಬಾರದು. ಅಜ್ಜನಿಂದ ನಮಗೆ ಎರಡು ಬಂದಿವೆ. ಒಂದು ಅವರ ತೀರ್ಮಾನ: ಇಲ್ಲಿ ಗಟ್ಟಿ, ಅಲ್ಲಿ ಮೆತ್ತಗೆ, ಆ ಮೂಲೆಯಲ್ಲಿ ಮೊಣಕಾಲುದ್ದ. ಇನ್ನೊಂದು ಆ ತೀರ್ಮಾನಕ್ಕೆ ಅವರು ಬಂದ ದಾರಿ: ನಡೆಯುವ ಮುನ್ನ ಚುಚ್ಚಿ ನೋಡುವುದು. ನಾವು ಮೊದಲನೆಯದನ್ನು ಇಟ್ಟುಕೊಂಡು ಎರಡನೆಯದನ್ನು ಎಸೆದಿದ್ದೇವೆ. ನಮ್ಮ ಕಾಲೇಜಿನ ಹುಡುಗರಲ್ಲಿ ಕೋಲು ಹಿಡಿದು ಕೆರೆಗೆ ಇಳಿಯುವವನು ಒಬ್ಬನಾದರೂ ಇದ್ದಾನೆಯೆ? ನಾಚಿಕೆಯಂತೆ. ಅಜ್ಜನಾದರೋ ತಾವು ಅರುವತ್ತು ವರ್ಷ ನಡೆದ ಜಾಗದಲ್ಲಿಯೂ ಈ ದಿನ ಹೊಸದಾಗಿ ಚುಚ್ಚುತ್ತಾರೆ.

ನಮ್ಮ ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯ ಬಂಧುಗಳಿಗೆ ಒಂದು ಮಾತು. ೧೯೬೯ರಲ್ಲಿ ಪ್ರಾರಂಭವಾದ ಈ ಯೋಜನೆಯ ಶಿಬಿರಗಳಲ್ಲಿ ನಾವು ವರ್ಷ ವರ್ಷವೂ ದೇವಸ್ಥಾನದ ಮುಂದೆ ಗುಡಿಸುತ್ತೇವೆ, ಗೋಡೆಗೆ ಘೋಷಣೆ ಬರೆಯುತ್ತೇವೆ, ಹೋದ ವರ್ಷ ನೆಟ್ಟ ಗುಂಡಿಯಲ್ಲಿಯೇ ಮತ್ತೆ ಸಸಿ ನೆಡುತ್ತೇವೆ. ಒಂದು ವರ್ಷ ಒಂದು ಕೆರೆಯನ್ನು ಅಳೆಯಬಾರದೆ? ನೀರು ತುಂಬಿದ ಮೇಲೆ ಅಳೆಯುವುದು ಕಷ್ಟ, ಅಪಾಯ. ಬೇಸಗೆಯಲ್ಲಿ ಗುಂಡಿಗಳು ಬಾಯಿ ತೆರೆದು ಮಲಗಿರುತ್ತವೆ. ಟೇಪು ಹಿಡಿದರೆ ಆಯಿತು.

ಕಳೆದ ಏಪ್ರಿಲಿನಲ್ಲಿ ನಾವು ನಾಲ್ವರು ನಮ್ಮ ಊರಿನ ಕೆರೆಯಲ್ಲಿ ಈ ಕೆಲಸ ಮಾಡಿದೆವು. ಮೂರು ಬೆಳಗ್ಗೆ ಹಿಡಿಯಿತು. ಕೋಲು ಹಿಡಿದು ಮುಂದೆ ನಡೆದವರು ಅಜ್ಜ. ನಾವು ಟೇಪು ಹಿಡಿದು ಹಿಂದೆ. ಏಳು ಗುಂಡಿಗಳು ಸಿಕ್ಕಿದವು. ಎಲ್ಲಕ್ಕಿಂತ ಆಳವಾದುದು ಹದಿನಾಲ್ಕು ಅಡಿ, ಎಮ್ಮೆ ತೊಳೆಯುವ ಮೂಲೆಯದು. ತೂಬಿನ ಕಲ್ಲಿನಿಂದ ಪ್ರತಿಯೊಂದಕ್ಕೂ ಎಷ್ಟು ಮಾರು, ಯಾವ ದಿಕ್ಕು ಎಂದು ಬರೆದು ಒಂದು ನಕ್ಷೆ ಮಾಡಿದೆವು. ಒಂದು ಪ್ರತಿಯನ್ನು ಪಂಚಾಯಿತಿ ಕಚೇರಿಗೆ ಕೊಟ್ಟೆವು, ಒಂದನ್ನು ಶಾಲೆಯ ಗೋಡೆಗೆ ಅಂಟಿಸಿದೆವು. ಕಲ್ಲುಕಂಬಕ್ಕೆ ಹಣವಿರಲಿಲ್ಲವಾದ್ದರಿಂದ ಸದ್ಯಕ್ಕೆ ಅಡಿಕೆ ಮರದ ಏಳು ಕಂಬಗಳನ್ನು ನೆಟ್ಟು ಕೆಂಪು ಬಟ್ಟೆ ಕಟ್ಟಿದೆವು. ಹುಡುಗನ ತಾತ ಬಂದು ಏಳನೆಯದನ್ನು ತಾನೇ ಹಿಡಿದು ನಿಲ್ಲಿಸಿದ. ಅವುಗಳಲ್ಲಿ ಎರಡನ್ನು ಯಾರೋ ಸೌದೆಗೆ ಒಯ್ದಿದ್ದಾರೆ. ಭರಣಿ ಮಳೆಗೆ ಮೊದಲು ಬೇರೆ ನೆಡಬೇಕು.